ಪ್ಯಾರಿಸ್ಸಿನ ಓರ್ಸೇ ಮ್ಯೂಸಿಯಂ: ಒಬ್ಬ ಸ್ಟೇಷನ್ ಮಾಸ್ಟರ್ ಕಂಡಂತೆ

ಓರ್ಸೇ ಮ್ಯೂಸಿಯಂಗೆ ಹೆಚ್ಚಿನವರು ಚಿತ್ರ ನೋಡಲು ಹೋಗುತ್ತಾರೆ. ನಾನು ಹೋಗಿದ್ದು ಕಟ್ಟಡ ನೋಡಲು, ಯಾಕೆಂದರೆ ಅದು ಹಿಂದೆ ರೈಲು ನಿಲ್ದಾಣವಾಗಿತ್ತು. 30 ವರ್ಷ ರೈಲ್ವೆಯಲ್ಲಿದ್ದು ಸ್ಟೇಷನ್ ಮಾಸ್ಟರ್ ಆಗಿ ನಿವೃತ್ತನಾದವನು ನಾನು. ಟಿಕೆಟ್ ಮಾಡಿಸುವಾಗಲೇ ಮಗಳಿಗೆ ಹೇಳಿದ್ದೆ: ವ್ಯಾನ್ ಗೋ ಆಮೇಲೆ, ಮೊದಲು ಹಳಿ ಇದ್ದ ಜಾಗ ನೋಡೋಣ.

ಬಾಗಿಲು ದಾಟಿ ಮೆಟ್ಟಿಲಿಳಿದರೆ ಅದೇ ಜಾಗ. 138 ಮೀಟರ್ ಉದ್ದ, 32 ಮೀಟರ್ ಎತ್ತರದ ಹಾಲ್. ಮೇಲೆ ಕಮಾನಿನಂತೆ ಬಾಗಿದ ಗಾಜಿನ ಚಾವಣಿ. ರೈಲು ನಿಲ್ಲುತ್ತಿದ್ದಲ್ಲಿ ಈಗ ಶಿಲ್ಪಗಳು ನಿಂತಿವೆ. ತುದಿಯಲ್ಲಿ ಚಿನ್ನದ ಬಣ್ಣದ ದೊಡ್ಡ ಗಡಿಯಾರ. ಅಭ್ಯಾಸ ನೋಡಿ, ಕೂಡಲೇ ನನ್ನ ವಾಚಿನ ಜೊತೆ ತಾಳೆ ನೋಡಿದೆ.

ವಿಕ್ತೋರ್ ಲಾಲೂ ಎಂಬ ವಾಸ್ತುಶಿಲ್ಪಿ ಈ ನಿಲ್ದಾಣವನ್ನು 1900ರ ವಿಶ್ವ ಪ್ರದರ್ಶನಕ್ಕಾಗಿ ಕಟ್ಟಿದರು. ಜೊತೆಗೇ 370 ಕೋಣೆಗಳ ಹೋಟೆಲ್. ಇಲ್ಲಿಗೆ ಬರುತ್ತಿದ್ದುದು ವಿದ್ಯುತ್ ರೈಲು. ಹೊಗೆ ಇಲ್ಲ, ಮಸಿ ಇಲ್ಲ. ಹಾಗಾಗಿಯೇ ಚಾವಣಿಗೆ ಅಷ್ಟೊಂದು ಹೂವಿನ ಅಲಂಕಾರ ಮಾಡುವ ಧೈರ್ಯ ಬಂದಿರಬೇಕು. ಹಬೆ ಎಂಜಿನ್ ಬರುತ್ತಿದ್ದರೆ ಅದೆಲ್ಲ ಒಂದೇ ವರ್ಷದಲ್ಲಿ ಕಪ್ಪಾಗುತ್ತಿತ್ತು. ಆದರೆ ವಿದ್ಯುತ್ತೇ ಈ ನಿಲ್ದಾಣವನ್ನು ಮುಳುಗಿಸಿತು ಕೂಡ. ವಿದ್ಯುತ್ ಮಾರ್ಗ ಬೆಳೆದಂತೆ ರೈಲುಗಳೂ ಉದ್ದವಾದವು. ಪ್ಲಾಟ್‌ಫಾರ್ಮ್ ಸಾಲದಾಯಿತು. 1939ರ ಹೊತ್ತಿಗೆ ದೂರದ ರೈಲುಗಳು ನಿಂತು, ಸುತ್ತಮುತ್ತಲಿನ ಊರುಗಳ ರೈಲು ಮಾತ್ರ ಉಳಿಯಿತು.

ಮುಂದಿನ ಕಥೆ ನನ್ನನ್ನು ಜಾಸ್ತಿ ಹಿಡಿದು ನಿಲ್ಲಿಸಿತು. ಯುದ್ಧದ ಕಾಲದಲ್ಲಿ ಸೆರೆಯಲ್ಲಿದ್ದ ಸೈನಿಕರಿಗೆ ಇಲ್ಲಿಂದ ಪಾರ್ಸೆಲ್ ಹೋಗುತ್ತಿತ್ತು. 1945ರಲ್ಲಿ ಬಿಡುಗಡೆಯಾಗಿ ಬಂದವರನ್ನು ಬರಮಾಡಿಕೊಂಡಿದ್ದೂ ಇಲ್ಲೇ. ಕಾಯುವವರ ಮುಖ ಹೇಗಿರುತ್ತದೆ ಅಂತ ನನಗೆ ಗೊತ್ತು. ರೈಲು ಖಾಲಿಯಾದ ಮೇಲೂ ಕೆಲವರು ಪ್ಲಾಟ್‌ಫಾರ್ಮ್ ಬಿಟ್ಟು ಕದಲುವುದಿಲ್ಲ. ಬಿಳಿ ಶಿಲ್ಪಗಳ ನಡುವೆ ನಿಂತು ನಾನು ಅಂಥವರನ್ನೇ ನೆನೆಯುತ್ತಿದ್ದೆ.

ಆಮೇಲೆ ಇಲ್ಲಿ ಸಿನಿಮಾ ಶೂಟಿಂಗ್ ಆಯಿತು, ನಾಟಕ ಆಯಿತು, ಹರಾಜೂ ನಡೆಯಿತು. ಕೆಡವಿ ಹೊಸ ಹೋಟೆಲ್ ಕಟ್ಟುವ ಯೋಜನೆಯೂ ಇತ್ತು. 1971ರಲ್ಲಿ ಪ್ಯಾರಿಸ್ಸಿನ ಲೇ ಆಲ್ ಮಾರುಕಟ್ಟೆಯ ಹಳೇ ಕಬ್ಬಿಣದ ಮಂಟಪಗಳನ್ನು ಕೆಡವಿದಾಗ ಜನರಿಗೆ ನೋವಾಯಿತು. ಅದರ ನಂತರವೇ ಇಂಥ ಕಟ್ಟಡಗಳ ಬೆಲೆ ಅರ್ಥವಾಗತೊಡಗಿತು. 1978ರಲ್ಲಿ ರಕ್ಷಿತ ಸ್ಮಾರಕ, 1986ರ ಡಿಸೆಂಬರ್‌ನಲ್ಲಿ ಮ್ಯೂಸಿಯಂ.

ಒಳವಿನ್ಯಾಸ ಗಾಯೆ ಔಲೆಂಟಿ ಎಂಬ ಇಟಲಿಯ ವಾಸ್ತುಶಿಲ್ಪಿಯದು. ಆಕೆ ಹಾಲ್‌ನ ಎರಡೂ ಬದಿ ಎಬ್ಬಿಸಿದ ಕಲ್ಲುಗೋಡೆಗಳು ನನಗೆ ಸ್ವಲ್ಪ ಭಾರವೆನಿಸಿದವು. ಕಬ್ಬಿಣ, ಗಾಜಿನ ಹಗುರತನದ ಮುಂದೆ ಅವು ಕೋಟೆಯ ಹಾಗಿವೆ. ಆದರೂ ನಿಲ್ದಾಣವನ್ನು ಅವರು ಮುಚ್ಚಿಟ್ಟಿಲ್ಲ, ಅದು ದೊಡ್ಡ ಮಾತು. ಹೊರಗೆ ನದಿಯ ಕಡೆಯ ಗೋಡೆಯಲ್ಲಿ ರೈಲು ಹೋಗುತ್ತಿದ್ದ ಊರುಗಳ ಹೆಸರು ಇವತ್ತಿಗೂ ಓದಬಹುದು. ಒಳಗೆ ಹೋಗುವ ಮುಂಚೆ ಅದನ್ನು ನೋಡಿ.

ಐದನೇ ಮಹಡಿಯ ಗಡಿಯಾರದ ಗಾಜಿನ ಹಿಂದೆ ಫೋಟೋಗೆ ಸಾಲು ನಿಲ್ಲುತ್ತಾರೆ. ನೀವು ಸುಮ್ನೆ ಸಾಲು ನಿಲ್ಲಬೇಡಿ, ಮೊದಲು ಚಿತ್ರಕಾರ ಮೊನೆ ಬಿಡಿಸಿದ, ಪ್ಯಾರಿಸ್ಸಿನದೇ ಇನ್ನೊಂದು ನಿಲ್ದಾಣವಾದ ಸೇಂಟ್ ಲಾಜಾರ್‌ನ ಚಿತ್ರ ಹುಡುಕಿ. 1877ರದು. ಚಿತ್ರದ ತುಂಬ ನೀಲಿ ಹೊಗೆ, ಬಿಳಿ ಹಬೆ. ಹಬೆ ಎಂಜಿನ್ನಿಗಾಗಿ ಕಟ್ಟದ ಈ ಓರ್ಸೇ ನಿಲ್ದಾಣದೊಳಗೆ ಅಷ್ಟೊಂದು ಹಬೆ! ಅದರ ಮುಂದೆ ನಾನು ಬಹಳ ಹೊತ್ತು ನಿಂತಿದ್ದೆ. ಮಗಳು ಕರೆಯಲಿಲ್ಲ, ಪಕ್ಕದಲ್ಲೇ ನಿಂತಿದ್ದಳು.

ಸೋಮವಾರ ರಜೆ. ಗುರುವಾರ ರಾತ್ರಿ 9:45ರವರೆಗೆ ತೆರೆದಿರುತ್ತದೆ. ನೆಲದಡಿಯಲ್ಲಿ ಈಗಲೂ ಪ್ಯಾರಿಸ್ಸಿನ ಉಪನಗರ ರೈಲು, ಆರ್‌ಇಆರ್‌ನ ಸಿ ಲೈನು, ಓಡುತ್ತದೆ. ಟ್ಯಾಕ್ಸಿ ಬೇಡ, ಅದರಲ್ಲೇ ಬಂದು ಇಳಿಯಿರಿ.