ರೀಮ್ಯಾಪ್ ಮಾಡಿಸಿದ ನನ್ನ ರಾಪಿಡ್: ಸಿಕ್ಕಿದ್ದೇನು, ಒತ್ತೆ ಇಟ್ಟಿದ್ದೇನು

ರೀಮ್ಯಾಪ್, ಅಂದರೆ ಇಂಜಿನ್ನಿನ ಕಂಪ್ಯೂಟರಿನಲ್ಲಿರುವ ಅಂಕಿಗಳನ್ನು ಬದಲಿಸಿ ಶಕ್ತಿ ಹೆಚ್ಚಿಸುವ ಕೆಲಸ, ಮಾಡಿಸಬೇಕಾ ಬೇಡವಾ ಅಂತ ಯಾರಾದರೂ ಕೇಳಿದರೆ ನಾನು ತಿರುಗಿ ಮೂರು ಪ್ರಶ್ನೆ ಕೇಳುತ್ತೇನೆ. ಇಂಜಿನ್‌ಗೆ ಟರ್ಬೊ (ಒಳಗೆ ಹೆಚ್ಚು ಗಾಳಿ ತಳ್ಳುವ ಪಂಪು) ಇದೆಯಾ? ಗೇರ್‌ಬಾಕ್ಸ್ ಯಾವುದು? ವಾರಂಟಿ ಮುಗಿದಿದೆಯಾ? ಈ ಮೂರಕ್ಕೂ ಉತ್ತರ ಗೊತ್ತಿಲ್ಲದೆ ದುಡ್ಡು ಕೊಡಬೇಡಿ.

ನನ್ನದು 2015ರ ಸ್ಕೋಡಾ ರಾಪಿಡ್. 1.5 ಲೀಟರಿನ ಟಿಡಿಐ, ಅಂದರೆ ಟರ್ಬೊ ಡೀಸೆಲ್, 5 ಗೇರಿನ ಮ್ಯಾನ್ಯುಯಲ್. ಕಂಪನಿ ಲೆಕ್ಕದಲ್ಲಿ 105 ಪಿಎಸ್ ಪವರ್, 250 ನ್ಯೂಟನ್ ಮೀಟರ್ ಟಾರ್ಕ್ (ಚಕ್ರ ತಿರುಗಿಸುವ ಬಲ). ನಮ್ಮ ಮನೆ ಹಾಸನದಲ್ಲಿ, ಹೆಂಡತಿಯ ತವರು ಪುತ್ತೂರಿನಲ್ಲಿ. ಹಾಗಾಗಿ ಶಿರಾಡಿ ಘಾಟಿ ನಮಗೆ ತಪ್ಪಿದ್ದಲ್ಲ. ಗುಂಡ್ಯ ದಾಟಿ ಸಕಲೇಶಪುರದ ಕಡೆ ಹತ್ತುವಾಗ ಮುಂದೆ ಗ್ಯಾಸ್ ಟ್ಯಾಂಕರ್ ಸಿಕ್ಕಿದರೆ ಈ ಇಂಜಿನ್ನಿನ ಒಂದೇ ಒಂದು ದೌರ್ಬಲ್ಯ ಎದ್ದು ಕಾಣುತ್ತಿತ್ತು. ಆರ್‌ಪಿಎಂ, ಅಂದರೆ ನಿಮಿಷಕ್ಕೆ ಇಂಜಿನ್ ಸುತ್ತುವ ಸುತ್ತು, 2000ಕ್ಕಿಂತ ಕೆಳಗೆ ಇಳಿದರೆ ಗಾಡಿಗೆ ಎಳೆತವೇ ಇರುತ್ತಿರಲಿಲ್ಲ. ಗೇರ್ ಇಳಿಸಿ, ಟರ್ಬೊ ಎಚ್ಚರಾಗುವವರೆಗೆ ಕಾದು, ಹೊರಗೆ ಬರುವಷ್ಟರಲ್ಲಿ ಎದುರಿಗೆ ಬಸ್ಸು ಬಂದಿರುತ್ತಿತ್ತು. ರೀಮ್ಯಾಪ್ ಬಗ್ಗೆ ಯೋಚಿಸಿದ್ದು ಈ ಓವರ್‌ಟೇಕ್ ಸಲುವಾಗಿ. ಟಾಪ್ ಸ್ಪೀಡ್ ನನಗೆ ಬೇಕಿರಲಿಲ್ಲ.

ಇಂಜಿನ್ ನಡೆಸುವ ಕಂಪ್ಯೂಟರ್‌ಗೆ ಇಸಿಯು ಅನ್ನುತ್ತಾರೆ. ಅದರೊಳಗೆ ಅಂಕಿಗಳ ಪಟ್ಟಿಗಳಿರುತ್ತವೆ. ಆಕ್ಸಿಲರೇಟರ್ ಇಷ್ಟು ಒತ್ತಿದರೆ ಎಷ್ಟು ಡೀಸೆಲ್ ಚಿಮ್ಮಬೇಕು, ಯಾವ ಕ್ಷಣದಲ್ಲಿ ಚಿಮ್ಮಬೇಕು, ಟರ್ಬೊ ಎಷ್ಟು ಗಾಳಿ ತಳ್ಳಬೇಕು, ಟಾರ್ಕ್ ಎಲ್ಲಿಗೆ ನಿಲ್ಲಬೇಕು, ಎಲ್ಲವೂ ಅದರಲ್ಲಿದೆ. ರೀಮ್ಯಾಪ್ ಮಾಡುವವರು ಈ ಅಂಕಿಗಳನ್ನು ಬದಲಿಸುತ್ತಾರೆ. ಗಾಡಿಯ ಒಂದು ನಟ್ಟನ್ನೂ ಬಿಚ್ಚದೆ ಮಾಡುವ ಕೆಲಸಕ್ಕೆ ಸ್ಟೇಜ್ 1 ಅಂತ ಹೆಸರು.

ಹಾಗಾದರೆ ಕಂಪನಿಯವರೇ ಯಾಕೆ ಆ ಪವರ್ ಕೊಡಲಿಲ್ಲ? ಅದೇ ಇಂಜಿನ್ ರಾಜಸ್ಥಾನದ ಬಿಸಿಲಲ್ಲೂ ಓಡಬೇಕು, ಬೆಟ್ಟದ ತೆಳು ಗಾಳಿಯಲ್ಲೂ ಓಡಬೇಕು. ಕೆಟ್ಟ ಡೀಸೆಲ್ ಕುಡಿದೂ ಬದುಕಬೇಕು. ಆಯಿಲ್ ಬದಲಿಸದವನ ಕೈಯಲ್ಲೂ ವಾರಂಟಿ ಮುಗಿಯುವವರೆಗೆ ಬಾಳಬೇಕು. ಅದಕ್ಕೆಲ್ಲ ಅಂತ ಸ್ವಲ್ಪ ಶಕ್ತಿಯನ್ನು ತೆಗೆದಿಟ್ಟಿರುತ್ತಾರೆ. ರೀಮ್ಯಾಪ್ ತೆಗೆಯುವುದು ಆ ಇಡುಗಂಟನ್ನು. ಹೊಸ ಶಕ್ತಿ ಎಲ್ಲಿಂದಲೋ ಹುಟ್ಟಿ ಬರುವುದಿಲ್ಲ. ಇದು ತಲೆಯಲ್ಲಿ ಇದ್ದರೆ ಎಷ್ಟು ತೆಗೆಯಬೇಕು ಅನ್ನುವುದು ತಾನಾಗಿ ತಿಳಿಯುತ್ತದೆ.

ನಾನು ಮೊದಲು ಬೆಂಗಳೂರಲ್ಲಿ ವಿಚಾರಿಸಿದ ಒಂದು ಕಡೆ, ಲ್ಯಾಪ್‌ಟಾಪ್ ಚುಚ್ಚಿ ಅರ್ಧ ಗಂಟೆಯಲ್ಲಿ ಮುಗಿಸಿಕೊಡುತ್ತೇವೆ ಅಂದರು. ಗಾಡಿ ಓಡಿಸಿಯೂ ನೋಡಲಿಲ್ಲ. ಇಜಿಆರ್ ಬಂದ್ ಮಾಡುವುದನ್ನು ಫ್ರೀಯಾಗಿ ಸೇರಿಸುತ್ತೇವೆ ಅಂತಲೂ ಹೇಳಿದರು. ಹೊಗೆಯನ್ನು ಹತೋಟಿಯಲ್ಲಿಡುವ ವ್ಯವಸ್ಥೆಯನ್ನು ಉಡುಗೊರೆ ಥರ ಕಿತ್ತುಹಾಕುವವರ ಕೈಗೆ ಇಂಜಿನ್ ಕೊಡುವುದು ನನಗೆ ಸರಿ ಕಾಣಲಿಲ್ಲ.

ಕೆಲಸ ಮಾಡಿಸಿದ್ದು ಇನ್ನೊಂದು ಕಡೆ. ಅವರ ರೀತಿಯೇ ಬೇರೆ. ಮೊದಲು ಸ್ಕ್ಯಾನರ್ ಹಾಕಿ ಹಳೇ ದೋಷಗಳಿವೆಯಾ ನೋಡಿದರು. ಇಂಜೆಕ್ಟರ್‌ಗಳು ಸಮನಾಗಿ ಕೆಲಸ ಮಾಡುತ್ತಿವೆಯಾ, ಟರ್ಬೊ ಪೈಪುಗಳಲ್ಲಿ ಗಾಳಿ ಸೋರುತ್ತಿದೆಯಾ, ಏರ್ ಫಿಲ್ಟರ್ ಹೇಗಿದೆ ಎಲ್ಲ ಪರೀಕ್ಷಿಸಿದರು. ಲ್ಯಾಪ್‌ಟಾಪ್ ಜೋಡಿಸಿಕೊಂಡೇ ರಸ್ತೆಯಲ್ಲಿ ಓಡಿಸಿ ದಾಖಲೆ ತೆಗೆದರು. ಆಮೇಲೆ ಡೈನೊ ಮೇಲೆ, ಅಂದರೆ ರೋಲರ್ ಮೇಲೆ ಗಾಡಿ ಓಡಿಸಿ ಚಕ್ರದ ಶಕ್ತಿ ಅಳೆಯುವ ಯಂತ್ರದಲ್ಲಿ, ಮುಂಚಿನ ಅಳತೆ. ಮೂಲ ಫೈಲ್ ಓದಿ ಉಳಿಸಿಕೊಂಡು ನನಗೂ ಒಂದು ಪ್ರತಿ ಕೊಟ್ಟರು. ಬರೆಯುವಾಗ ಬ್ಯಾಟರಿಗೆ ಚಾರ್ಜರ್ ಹಾಕಿದ್ದರು. ನಡುವೆ ವೋಲ್ಟೇಜ್ ಬಿದ್ದರೆ ಇಸಿಯು ಸತ್ತು ಗಾಡಿ ಸ್ಟಾರ್ಟೇ ಆಗದೆ ಹೋಗಬಹುದು. ಹೊಸ ಫೈಲ್ ಹಾಕಿದ ಮೇಲೆ ಅದೇ ದಿನ, ಅದೇ ಯಂತ್ರದಲ್ಲಿ ಇನ್ನೊಂದು ಅಳತೆ. ಎರಡನ್ನೂ ಒಂದೇ ಯಂತ್ರದಲ್ಲಿ ತೆಗೆಯುವುದು ಮುಖ್ಯ. ಯಾಕೆಂದರೆ ಚಕ್ರದಲ್ಲಿ ಅಳೆದದ್ದು ಬ್ರೋಷರಿನ ಅಂಕಿಗಿಂತ ಸಾಮಾನ್ಯವಾಗಿ ಕಡಿಮೆ ಇರುತ್ತದೆ. ಬೇರೆ ಬೇರೆ ಯಂತ್ರಗಳ ಚೀಟಿ ಹೋಲಿಸಿದರೆ ಏನೂ ಗೊತ್ತಾಗುವುದಿಲ್ಲ. ಇಡೀ ದಿನ ಹಿಡಿಯಿತು. ಖರ್ಚು ಮೂವತ್ತು ಸಾವಿರದ ಆಸುಪಾಸು.

ಅವರ ಬಗ್ಗೆ ನಂಬಿಕೆ ಬಂದಿದ್ದು ಎರಡು ಮಾತಿನಿಂದ. ಕ್ಲಚ್ ಬಾಳಿಕೆ ಬರಬೇಕು ಅಂತ ನಾನು ಅಂದಾಗ, 2000 ಆರ್‌ಪಿಎಂ ಕೆಳಗೆ ಟಾರ್ಕನ್ನು ಒಮ್ಮೆಗೇ ಏರಿಸದೆ ನಿಧಾನಕ್ಕೆ ಏರುವ ಹಾಗೆ ಬರೆದುಕೊಟ್ಟರು. ಒಟ್ಟು ಮಿತಿಯನ್ನೂ 300 ನ್ಯೂಟನ್ ಮೀಟರ್ ಸುತ್ತಮುತ್ತ ನಿಲ್ಲಿಸಿದರು. ಎರಡನೆಯದು, ಜೊತೆಗೆ ಬಂದಿದ್ದ ನನ್ನ ತಮ್ಮನ ಫೋಕ್ಸ್‌ವ್ಯಾಗನ್ ವೆಂಟೊ. ಇಂಜಿನ್ ಇದೇ, ಆದರೆ 7 ಗೇರಿನ ಡಿಎಸ್‌ಜಿ ಆಟೊಮ್ಯಾಟಿಕ್. ಅದಕ್ಕೆ ಬೇಡ ಅಂದುಬಿಟ್ಟರು. ಆ ಒಣ ಕ್ಲಚ್ಚಿನ ಡಿಕ್ಯು200 ಗೇರ್‌ಬಾಕ್ಸ್ ತಯಾರಾಗಿರುವುದೇ 250 ನ್ಯೂಟನ್ ಮೀಟರ್‌ವರೆಗೆ. ಇಂಜಿನ್ ಕಂಪನಿಯಿಂದ ಬಂದಾಗಲೇ ಅಷ್ಟು ಕೊಡುತ್ತಿದೆ. ಮೇಲೆ ಹಾಕಲು ಜಾಗವೇ ಇಲ್ಲ. ಎದುರಿಗೆ ನಿಂತ ಗಿರಾಕಿಯ ದುಡ್ಡು ಬೇಡ ಅನ್ನುವ ಅಂಗಡಿ ಸಿಗುವುದು ಕಷ್ಟ, ಅಲ್ವಾ?

ಓಡಿಸಲು ಹೇಗಿದೆ? ಘಾಟಿಯಲ್ಲಿ ನಿಜಕ್ಕೂ ಬೇರೆ ಗಾಡಿ. ಮೂರನೇ ಗೇರಿನಲ್ಲೇ ಟ್ಯಾಂಕರ್ ದಾಟಿಸಬಹುದು. ಎದುರಿನ ಸಾಲಿನಲ್ಲಿ ಇರಬೇಕಾದ ಹೊತ್ತು ಕಡಿಮೆಯಾಗಿದೆ. ನನಗೆ ಇದೇ ದೊಡ್ಡ ಲಾಭ. ಹಿಂದಿನ ಸೀಟಿನಲ್ಲಿ ಮಕ್ಕಳಿದ್ದಾಗ ಆ ಸಮಯಕ್ಕೆ ಬೆಲೆ ಇದೆ. ಟರ್ಬೊ ಲ್ಯಾಗ್, ಅಂದರೆ ಟರ್ಬೊ ಎಚ್ಚರಾಗುವವರೆಗೆ ಕಾಯುವ ಹೊತ್ತು, ಪೂರ್ತಿ ಹೋಗಿಲ್ಲ. ಹೋಗುವುದೂ ಇಲ್ಲ, ಯಾಕೆಂದರೆ ಒಳಗಿರುವ ಟರ್ಬೊ ಅದೇ. ಬೆಂಗಳೂರು ಟ್ರಾಫಿಕ್ಕಿನಲ್ಲಿ ಅಂಥ ವ್ಯತ್ಯಾಸ ಕಾಣುವುದಿಲ್ಲ. ಮೈಲೇಜ್ ಹೈವೇಯಲ್ಲಿ ಸಮಾಧಾನವಾಗಿ ಓಡಿಸಿದರೆ ಒಂಚೂರು ಜಾಸ್ತಿ, ಜೋರಾಗಿ ಓಡಿಸಿದರೆ ಕಡಿಮೆ. ಡ್ಯಾಶ್‌ಬೋರ್ಡ್ ತೋರಿಸುವ ಮೈಲೇಜನ್ನು ಮಾತ್ರ ನಂಬಬೇಡಿ. ಇಂಜೆಕ್ಷನ್ ಲೆಕ್ಕ ಬದಲಾದ ಮೇಲೆ ಅದು ತಪ್ಪು ತೋರಿಸಬಹುದು. ಟ್ಯಾಂಕ್ ಫುಲ್ ಮಾಡಿಸಿ ಲೆಕ್ಕ ಹಾಕುವುದೇ ಸರಿ.

ಇನ್ನು ಒತ್ತೆ ಇಟ್ಟಿದ್ದು. ಮೊದಲು ಸೋಲುವುದು ಕ್ಲಚ್. ಮೇಲಿನ ಗೇರಿನಲ್ಲಿ ಕಡಿಮೆ ಆರ್‌ಪಿಎಂ ಇಟ್ಟುಕೊಂಡು ಆಕ್ಸಿಲರೇಟರ್ ಪೂರ್ತಿ ತುಳಿದರೆ ಆರ್‌ಪಿಎಂ ಏರಿ ಗಾಡಿ ಮುಂದೆ ಹೋಗದಿದ್ದರೆ, ಕ್ಲಚ್ ಜಾರುತ್ತಿದೆ ಅಂತ ಅರ್ಥ. ನನ್ನದು ಇನ್ನೂ ಜಾರಿಲ್ಲ, ಆದರೆ ನಾನು ಹಾಗೆ ತುಳಿಯುವುದೂ ಇಲ್ಲ. ಟರ್ಬೊಗೆ ಬಿಸಿ ಜಾಸ್ತಿ. ಘಾಟಿ ಹತ್ತಿ ನಿಲ್ಲಿಸಿದ ಕೂಡಲೇ ಇಂಜಿನ್ ಆಫ್ ಮಾಡದೆ ಸ್ವಲ್ಪ ಹೊತ್ತು ಐಡಲ್ ಬಿಡುತ್ತೇನೆ. ಕಂಪನಿ 15,000 ಕಿಲೋಮೀಟರಿಗೆ ಹೇಳಿದ ಆಯಿಲನ್ನು 10,000ದ ಒಳಗೇ ಬದಲಿಸುತ್ತೇನೆ. ಈ ಖರ್ಚನ್ನು ರೀಮ್ಯಾಪ್ ಬೆಲೆಗೆ ಸೇರಿಸಿಯೇ ಲೆಕ್ಕ ಹಾಕಿ. ಹಿಂದಿನಿಂದ ಕಪ್ಪು ಹೊಗೆ ಬಂದರೆ ಫೈಲ್ ಕೆಟ್ಟದ್ದು, ಸುಡಲಾರದಷ್ಟು ಡೀಸೆಲ್ ಸುರಿಯುತ್ತಿದ್ದಾರೆ ಅಂತ ತಿಳಿಯಿರಿ. ಕೆಲವರು ಅದನ್ನೇ ಶಕ್ತಿ ಅಂದುಕೊಂಡು ಖುಷಿಪಡುತ್ತಾರೆ. ಹಿಂದೆ ಬೈಕಿನಲ್ಲಿ ಬರುವವರು ಅದನ್ನು ಉಸಿರಾಡಬೇಕು. ನನಗೆ ಅದು ಕೋಪ ಬರಿಸುತ್ತದೆ.

ವಾರಂಟಿ ಇದ್ದರೆ ಮಾಡಿಸಲೇಬೇಡಿ. ಫೋಕ್ಸ್‌ವ್ಯಾಗನ್ ಗುಂಪಿನ (ಸ್ಕೋಡಾ ಕೂಡ ಇದರದ್ದೇ) ಗಾಡಿಗಳಲ್ಲಿ ಸಾಫ್ಟ್‌ವೇರ್ ಬದಲಾಗಿದ್ದು ಕಂಪನಿ ಕಂಪ್ಯೂಟರಿಗೆ ಗೊತ್ತಾದರೆ ಟಿಡಿ1 ಅನ್ನುವ ಗುರುತು ಬೀಳುತ್ತದೆ. ಆಮೇಲೆ ಇಂಜಿನ್, ಗೇರ್‌ಬಾಕ್ಸ್ ಕ್ಲೇಮ್ ಕಷ್ಟ. ಕಂಪನಿಯ ಸಾಫ್ಟ್‌ವೇರ್ ಅಪ್‌ಡೇಟ್ ಬಂದರೆ ರೀಮ್ಯಾಪ್ ಅಳಿಸಿಹೋಗಲೂಬಹುದು. 2015ರ ಡೀಸೆಲ್ ಹಗರಣದ ನಂತರ ಭಾರತದಲ್ಲಿ ಈ ಗುಂಪು ಮೂರು ಲಕ್ಷಕ್ಕೂ ಹೆಚ್ಚು ಗಾಡಿಗಳನ್ನು ರೀಕಾಲ್ ಮಾಡಿದ್ದು ಹೊಗೆ ಪರೀಕ್ಷೆಯಲ್ಲಿ ಮೋಸ ಮಾಡುತ್ತಿದ್ದ ಸಾಫ್ಟ್‌ವೇರನ್ನು ಸರಿಪಡಿಸಲು. ಹಳೇ ಟಿಡಿಐ ಇರುವವರು ಆ ಕೆಲಸ ಆಗಿದೆಯಾ ಅಂತ ಮೊದಲೇ ಕೇಳಿಕೊಳ್ಳಿ.

ಕಾನೂನಿನ ಮಾತನ್ನು ಅಂಗಡಿಯವರು ಹೇಳುವುದಿಲ್ಲ, ನಾನು ಹೇಳುತ್ತೇನೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ವಿವರ ಕಂಪನಿ ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವ ಹಾಗೆ ಗಾಡಿ ಬದಲಿಸುವಂತಿಲ್ಲ. 2019ರ ತಿದ್ದುಪಡಿಯಲ್ಲಿ ಸೇರಿದ 182ಎ ಸೆಕ್ಷನ್ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು, ಅಥವಾ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಎರಡನ್ನೂ ಹೇಳುತ್ತದೆ. ರಸ್ತೆಯಲ್ಲಿ ಪೊಲೀಸರು ಇಸಿಯು ತೆರೆದು ನೋಡುವುದಿಲ್ಲ, ನಿಜ. ಆದರೆ ದೊಡ್ಡ ಅಪಘಾತವಾದರೆ ವಿಮೆ ಕಂಪನಿ ಕೆದಕಬಹುದು. ನನ್ನ ಮಟ್ಟಿಗೆ ಇಡೀ ಲೆಕ್ಕದಲ್ಲಿ ಭಾರವಾದ ಭಾಗ ಇದೇ. ಹೊಸ ಗಾಡಿ ಆಗಿದ್ದರೆ ಇದೊಂದೇ ಕಾರಣಕ್ಕೆ ಬಿಡುತ್ತಿದ್ದೆ.

ಟರ್ಬೊ ಇಲ್ಲದ ಸಣ್ಣ ಪೆಟ್ರೋಲ್ ಗಾಡಿಗೆ ಮಾಡಿಸುವುದು ಸುಮ್ನೆ ದುಡ್ಡು ದಂಡ. ಸಿಗುವುದು ಕಾಲಿಗೂ ಗೊತ್ತಾಗದಷ್ಟು. 75 ಪಿಎಸ್ ಡೀಸೆಲ್ ಸ್ವಿಫ್ಟ್ ಇಟ್ಟುಕೊಂಡು, ಸಿಯಾಜ್‌ನಲ್ಲಿ ಇದೇ 1.3 ಇಂಜಿನ್ 90 ಪಿಎಸ್ ಕೊಡುತ್ತಿತ್ತಲ್ಲ ಅನ್ನುವವರೂ ಸ್ವಲ್ಪ ನಿಲ್ಲಿ. ಸಿಯಾಜ್‌ನಲ್ಲಿ ವಿಜಿಟಿ ಟರ್ಬೊ (ಒಳಗಿನ ರೆಕ್ಕೆಗಳ ಕೋನ ಬದಲಾಗುವಂಥದ್ದು) ಇತ್ತು, ನಿಮ್ಮದರಲ್ಲಿ ಅಂಥ ಟರ್ಬೊ ಇಲ್ಲ. ಬಿಎಸ್6 ಡೀಸೆಲ್‌ನಲ್ಲಿ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ತೆಗೆಸಿ ರೀಮ್ಯಾಪ್ ಮಾಡಿಕೊಡುತ್ತೇವೆ ಅನ್ನುವವರ ಹತ್ತಿರ ಹೋಗಲೇಬೇಡಿ.

ವಾರಂಟಿ ಮುಗಿದ, ಚೆನ್ನಾಗಿ ಸರ್ವಿಸ್ ಆದ, ಮ್ಯಾನ್ಯುಯಲ್ ಟರ್ಬೊ ಡೀಸೆಲ್ ಇದ್ದು, ಮೇಲಿನ ಕಾನೂನಿನ ಭಾರ ಹೊರಲು ತಯಾರಿದ್ದರೆ ಮಾತ್ರ ಯೋಚಿಸಿ. ಆಗಲೂ ಅಂಗಡಿಯವರು ಕೊಡುತ್ತೇನೆ ಅನ್ನುವುದಕ್ಕಿಂತ ಕಡಿಮೆಯನ್ನೇ ಕೇಳಿ. ಮೂಲ ಫೈಲ್ ಕೈಗೆ ಬಾರದೆ ಅಲ್ಲಿಂದ ಹೊರಡಬೇಡಿ. ನಾನು ಈ ಗಾಡಿ ಮಾರುವ ಮುಂಚೆ ಅದನ್ನೇ ವಾಪಸ್ ಹಾಕಿಸುತ್ತೇನೆ, ಕೊಳ್ಳುವವರಿಗೆ ಇದರ ವಿಷಯ ಬಾಯಿಬಿಟ್ಟು ಹೇಳುತ್ತೇನೆ.