ಟೆಡ್‌ಎಕ್ಸ್, ಪೆಚಾ ಕುಚಾ, ಉಪನ್ಯಾಸ: ನಿಮ್ಮ ಕಾಲೇಜಿಗೆ ಯಾವುದು?

ಕೊಪ್ಪಳದ ನಿಮ್ಮ ಕಾಲೇಜಿನಲ್ಲಿ ಯಾವ ಮಾದರಿ ನಡೆಸಬೇಕು ಎಂದು ಕೇಳಿದ್ದೀರಿ. ಮೊದಲು ಸಮಯ ನೋಡಿ. 1984ರಲ್ಲಿ ಅಮೆರಿಕದಲ್ಲಿ ಶುರುವಾದ ಭಾಷಣ ಸಮ್ಮೇಳನ ಟೆಡ್, ಮಾತಿಗೆ 18 ನಿಮಿಷದ ಗಡಿ ಹಾಕಿತು. 2006ರಿಂದ ಆ ಭಾಷಣಗಳು ಅಂತರ್ಜಾಲದಲ್ಲಿ ಉಚಿತವಾಗಿ ಸಿಕ್ಕಮೇಲೆ ತರಗತಿಗಳಿಗೂ ಬಂದವು. 2003ರಲ್ಲಿ ಟೋಕಿಯೊದಲ್ಲಿ ಹುಟ್ಟಿದ ಪೆಚಾ ಕುಚಾ ಇನ್ನೂ ಬಿಗಿ: ತೆರೆಯ ಮೇಲೆ 20 ಚಿತ್ರ, ಒಂದೊಂದಕ್ಕೆ 20 ಸೆಕೆಂಡು ಮಾತು. ಚಿತ್ರ ತಾನಾಗಿಯೇ ಸರಿಯುತ್ತದೆ. ಮೂರನೆಯದರಲ್ಲಿ ತಡವರಿಸಿದರೆ ನಾಲ್ಕನೆಯದು ಬಂದಾಗಲೂ ಬಾಯಲ್ಲಿ ಮೂರನೆಯದರ ಮಾತೇ ಇರುತ್ತದೆ. ಅದಕ್ಕೇ ಚಿತ್ರಕ್ಕೆ 15 ಸೆಕೆಂಡಿನಷ್ಟು ಮಾತು ಮಾತ್ರ ಬರೆಸಿ.

ಟೆಡ್‌ಎಕ್ಸ್ ಎಂದರೆ ಟೆಡ್‌ನಿಂದ ಪರವಾನಗಿ ಪಡೆದು ಸ್ಥಳೀಯರೇ ಅದೇ ಮಾದರಿಯಲ್ಲಿ ನಡೆಸುವ ಕಾರ್ಯಕ್ರಮ. ಪರವಾನಗಿಗೆ ಶುಲ್ಕವಿಲ್ಲ, ಆದರೆ ಪರವಾನಗಿ ಪಡೆದವರು ಟೆಡ್ ಸಮ್ಮೇಳನಕ್ಕೆ ಹೋಗಿರದಿದ್ದರೆ ಸಭಿಕರು 100 ಮೀರುವಂತಿಲ್ಲ. ಎಲ್ಲ ಭಾಷಣವನ್ನೂ ಚಿತ್ರೀಕರಿಸಬೇಕು. ದುಡ್ಡು ಹೋಗುವುದು ಅಲ್ಲೇ. ಕಾಲರ್ ಮೈಕ್ ಸೀರೆಯ ಸೆರಗಿಗೆ ತಗುಲಿದರೆ ರೆಕಾರ್ಡಿಂಗ್ ತುಂಬ ಕರಕರ ಸದ್ದು. ಸೆರಗಿಲ್ಲದ ಬದಿಗೆ ಸಿಕ್ಕಿಸಿ, ಒಂದು ನಿಮಿಷ ನಡೆದಾಡಿಸಿ ಕೇಳಿ ನೋಡಿ.

ಉಪನ್ಯಾಸಕ್ಕೆ ಒಂದು ಮೈಕ್ ಸಾಕು, ಕರೆಂಟು ಹೋದರೂ ಮಾತು ನಿಲ್ಲದು. ಅದರ ನಿಜವಾದ ಬಲ ಪ್ರಶ್ನೋತ್ತರ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದ ರೈತರೊಬ್ಬರು ನೀರಿನ ಪಾಳಿ ವಿವರಿಸುವಾಗ ಮಕ್ಕಳು ನಡುವೆ ಕೇಳಲೇಬೇಕು. 18 ನಿಮಿಷಕ್ಕೆ ಕತ್ತರಿಸಿದರೆ ಅವರಿಗೂ ಅನ್ಯಾಯ.

ಎಲ್ಲರಿಗೂ ವೇದಿಕೆಯ ಅಂಜಿಕೆ ಬಿಡಿಸಬೇಕಾದರೆ ಪೆಚಾ ಕುಚಾ ಮಾಡಿಸಿ, ಗಂಟೆಯಲ್ಲಿ ಆರೇಳು ಮಂದಿ ಮಾತಾಡಬಹುದು. ವಿಡಿಯೊ ಊರಾಚೆ ತಲುಪಬೇಕು, ತಾಲೀಮಿಗೆ ಎರಡು ತಿಂಗಳಿದೆ ಎಂದರೆ ಟೆಡ್‌ಎಕ್ಸ್‌ಗೆ ಅರ್ಜಿ ಹಾಕಿ.