ಸೋಯಾ ಚಂಕ್ಸ್ ಮಾಂಸದ ಜಾಗಕ್ಕೆ ಬರುತ್ತದೆಯೇ? ಮೂರು ಗಾತ್ರ, ಮೂರು ಫಲಿತಾಂಶ

ಸೋಯಾ ಚಂಕ್ಸ್ ತಂದು ಒಂದು ಸಲ ಮಾಡಿ, ರಬ್ಬರ್ ಜಗಿದ ಹಾಗಿದೆ, ಹಸಿ ವಾಸನೆ ಬೇರೆ ಎಂದು ಉಳಿದ ಪ್ಯಾಕೆಟ್ಟನ್ನು ಮೂಲೆಗೆ ತಳ್ಳುವವರು ಬಹಳ ಜನ. ದೂರು ನಿಜ. ಆದರೆ ಹತ್ತರಲ್ಲಿ ಎಂಟು ಸಲ ಕಾರಣ ನೆನೆಸಿದ ರೀತಿ ಮತ್ತು ಹಿಂಡಿದ ರೀತಿ. ಇದೊಂದು ಸ್ಪಂಜು. ಮೊದಲು ಏನು ಕುಡಿಸುತ್ತೀರೋ ಅದೇ ಕೊನೆಯವರೆಗೂ ಬಾಯಿಗೆ ಸಿಗುತ್ತದೆ.

ಸ್ಪಂಜಾಗುವುದು ಕಾರ್ಖಾನೆಯಲ್ಲೇ. ಸೋಯಾ ಕಾಳಿನಿಂದ ಎಣ್ಣೆ ತೆಗೆದ ಮೇಲೆ ಉಳಿಯುವ ಹಿಟ್ಟಿಗೆ ನೀರು ಬೆರೆಸಿ, ತಿರುಗುವ ಸ್ಕ್ರೂ ಇರುವ ಯಂತ್ರದಲ್ಲಿ ಬಿಸಿ ಮತ್ತು ಒತ್ತಡ ಕೊಟ್ಟು ಸಣ್ಣ ಕಿಂಡಿಯಿಂದ ಹೊರಕ್ಕೆ ತಳ್ಳುತ್ತಾರೆ. ಒತ್ತಡ ಒಮ್ಮೆಲೇ ಬಿಟ್ಟಾಗ ಒಳಗಿನ ನೀರು ಹಬೆಯಾಗಿ ಹಾರಿ ತುಂಡು ಉಬ್ಬುತ್ತದೆ, ಪ್ರೋಟೀನು ಎಳೆ ಎಳೆಯಾಗಿ ನಿಲ್ಲುತ್ತದೆ. 1960ರ ದಶಕದಲ್ಲಿ ಅಮೆರಿಕದ ಆರ್ಚರ್ ಡೇನಿಯಲ್ಸ್ ಮಿಡ್‌ಲ್ಯಾಂಡ್ ಕಂಪನಿ ಇದನ್ನು ಟಿವಿಪಿ (ಟೆಕ್ಸ್ಚರ್ಡ್ ವೆಜಿಟೆಬಲ್ ಪ್ರೋಟೀನ್, ಅಂದರೆ ಎಳೆ ಬರಿಸಿದ ಸಸ್ಯ ಪ್ರೋಟೀನು) ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಹೀಗೆ ತಯಾರಾದ ತುಂಡಿನಲ್ಲಿ ಎಳೆಯಿದೆ, ಪ್ರೋಟೀನಿದೆ. ಕೊಬ್ಬಿಲ್ಲ, ರಸವಿಲ್ಲ, ಗ್ರೇವಿಗೆ ಅಂಟು ಕೊಡುವ ಕೊಲಾಜನ್ ಇಲ್ಲ. ಈ ಮೂರನ್ನೂ ನಾವೇ ಒದಗಿಸಬೇಕು.

ಪ್ಯಾಕೆಟ್ ಮೇಲೆ 100 ಗ್ರಾಂಗೆ ಸುಮಾರು 50 ಗ್ರಾಂ ಪ್ರೋಟೀನ್ ಎಂದಿರುತ್ತದೆ. ಅದು ಒಣ ತೂಕದ ಲೆಕ್ಕ. ನೆನೆಸಿ ಗಟ್ಟಿಯಾಗಿ ಹಿಂಡಿದ ಮೇಲೆ ಅದೇ 100 ಗ್ರಾಂ, 200ರಿಂದ 250 ಗ್ರಾಂ ತೂಗುತ್ತದೆ. ಅಂದರೆ ತಟ್ಟೆಗೆ ಬೀಳುವ 100 ಗ್ರಾಂನಲ್ಲಿ ಇರುವುದು 20–25 ಗ್ರಾಂ. ಬೇಯಿಸಿದ ಮಾಂಸಕ್ಕಿಂತ ತುಸು ಕಡಿಮೆ, ಆದರೂ ಬಹಳ ಒಳ್ಳೆಯ ಪ್ರಮಾಣ. ಒಬ್ಬರಿಗೆ 30–40 ಗ್ರಾಂ ಒಣ ಚಂಕ್ಸ್ ಸಾಕು. ಬಿ12 ವಿಟಮಿನ್ ಮಾತ್ರ, ಕಂಪನಿಯವರು ಪ್ರತ್ಯೇಕವಾಗಿ ಸೇರಿಸಿರದಿದ್ದರೆ, ಇದರಲ್ಲಿ ಸಿಗುವುದಿಲ್ಲ.

ಕೊಳ್ಳುವಾಗ ಪದಾರ್ಥಗಳ ಪಟ್ಟಿ ಓದಿ: ಎಣ್ಣೆ ತೆಗೆದ ಸೋಯಾ ಹಿಟ್ಟು, ಅಷ್ಟೇ ಇದ್ದರೆ ಒಳ್ಳೆಯದು. ತುಂಡುಗಳು ತಿಳಿ ಹಳದಿ ಬಣ್ಣದಲ್ಲಿ ಒಂದೇ ಸಮನಾಗಿರಬೇಕು. ಬಣ್ಣ ಸೇರಿಸಿಲ್ಲದ ಪ್ಯಾಕೆಟ್ಟಿನಲ್ಲಿ ಅಲ್ಲಲ್ಲಿ ಕಂದು ತುಂಡು ಕಂಡರೆ ಯಂತ್ರದಲ್ಲಿ ಹೆಚ್ಚು ಕಾದದ್ದು, ಕಹಿ ಬರುತ್ತದೆ. ತಳದಲ್ಲಿ ಪುಡಿ ಕೂತಿದ್ದರೆ ಬಿಟ್ಟುಬಿಡಿ. ಆ ಪುಡಿ ನೆನೆಸುವ ನೀರಿನಲ್ಲಿ ಅಂಬಲಿಯಾಗಿ ತುಂಡುಗಳಿಗೆ ಮೆತ್ತಿಕೊಳ್ಳುತ್ತದೆ.

ಈಗ ಮುಖ್ಯ ಕೆಲಸ. 100 ಗ್ರಾಂ ಮಧ್ಯಮ ಗಾತ್ರದ ಚಂಕ್ಸ್‌ಗೆ ಒಂದು ಲೀಟರ್ ನೀರು, ಒಂದು ಚಮಚ ಉಪ್ಪು. ನೀರು ಕುದಿ ಬಂದ ಮೇಲೆ ಹಾಕಿ, 4–5 ನಿಮಿಷ ಕುದಿಸಿ, ಒಲೆ ಆರಿಸಿ ಹತ್ತು ನಿಮಿಷ ಮುಚ್ಚಿಡಿ. ತುಂಡುಗಳು ತೇಲುತ್ತವೆ, ಹಾಗಾಗಿ ನಡುವೆ ಒಂದೆರಡು ಸಲ ಒತ್ತಿ ಮಗುಚಬೇಕು. ಆಮೇಲೆ ಒಂದನ್ನು ಅಡ್ಡ ಕತ್ತರಿಸಿ ನೋಡಿ. ನಡುವೆ ಬೆಳ್ಳಗೆ, ಒಣಗಿದ ಬೆಂಡಿನಂತೆ ಚುಕ್ಕೆ ಕಂಡರೆ ಇನ್ನೂ ಐದು ನಿಮಿಷ ಬೇಕು. ಜಗಿಯುವಾಗ ಹಲ್ಲಿಗೆ ಸಿಗುವ ರಬ್ಬರ್ ಇದೇ ಚುಕ್ಕೆ.

ನೆನೆಸಿದ ನೀರನ್ನು ಚೆಲ್ಲಲೇಬೇಕು. ಅದು ಹಳದಿಯಾಗಿ, ನೊರೆಯಾಗಿ ಇರುತ್ತದೆ. ಸೋಯಾದ ಹಸಿ ವಾಸನೆಯ ಬಹುಪಾಲು, ಹೊಟ್ಟೆಯಲ್ಲಿ ಗಾಳಿ ತುಂಬಿಸುವ ರ್‍ಯಾಫಿನೋಸ್, ಸ್ಟಾಕಿಯೋಸ್ ಎಂಬ ಸಕ್ಕರೆಗಳಲ್ಲಿ ಒಂದು ಭಾಗ ಅದರಲ್ಲಿ ಇಳಿದಿರುತ್ತವೆ. ತಣ್ಣೀರಿನಲ್ಲಿ ಎರಡು ಸಲ ತೊಳೆದು, ಒಂದೊಂದು ಹಿಡಿ ತೆಗೆದುಕೊಂಡು ಎರಡು ಅಂಗೈ ನಡುವೆ ಒತ್ತಿ. ಮೊದಲ ಒತ್ತಿಗೆ ಕಲಗಚ್ಚಿನಂಥ ನೀರು ಬರುತ್ತದೆ. ಇನ್ನೊಮ್ಮೆ ತೊಳೆದು ಒತ್ತಿದಾಗ ತಿಳಿಯಾಗುತ್ತದೆ. ತಿಳಿಯಾಗುವವರೆಗೂ ಬಿಡಬೇಡಿ. ಒಳ್ಳೆಯ ಚಂಕ್ಸ್ ಒತ್ತಿದಾಗ ಚಪ್ಪಟೆಯಾಗಿ, ಕೈ ಬಿಟ್ಟ ತಕ್ಷಣ ಮೆಲ್ಲಗೆ ಮೊದಲಿನ ಆಕಾರಕ್ಕೆ ಬರುತ್ತದೆ. ಕಳಪೆಯದು ಬೆರಳ ಸಂದಿಯಲ್ಲಿ ನುಚ್ಚಾಗುತ್ತದೆ. ಗುಣಮಟ್ಟ ತಿಳಿಯಲು ಇದಕ್ಕಿಂತ ನೇರವಾದ ಪರೀಕ್ಷೆ ಇಲ್ಲ.

ಹಿಂಡಿದ ತುಂಡು ಈಗ ಬಾಯಾರಿದೆ. ನೇರ ಗ್ರೇವಿಗೆ ಹಾಕಿದರೆ ತೆಳು ನೀರನ್ನೇ ಎಳೆದುಕೊಂಡು ಒಳಗೆಲ್ಲ ಸಪ್ಪೆಯಾಗುತ್ತದೆ. ಅದಕ್ಕೆ ಮುಂಚೆ ಗಟ್ಟಿ ರುಚಿ ಕುಡಿಸಿ: ಅರ್ಧ ಕಪ್ ಬಿಸಿ ತರಕಾರಿ ಸ್ಟಾಕ್ ಅಥವಾ ಅಣಬೆ ಬೇಯಿಸಿದ ನೀರು, ಎರಡು ದೊಡ್ಡ ಚಮಚ ಸೋಯಾ ಸಾಸ್, ಒಂದು ದೊಡ್ಡ ಚಮಚ ಎಣ್ಣೆ, ಒಂದು ದೊಡ್ಡ ಚಮಚ ಶುಂಠಿ–ಬೆಳ್ಳುಳ್ಳಿ ಪೇಸ್ಟ್, ಬೇಕಾದಷ್ಟು ಕಾರ. ಅರ್ಧ ಗಂಟೆ ಬಿಡಿ. ಸೋಯಾ ಸಾಸ್‌ನಲ್ಲೇ ಸಾಕಷ್ಟು ಉಪ್ಪಿದೆ, ಆದ್ದರಿಂದ ಮುಂದೆ ಉಪ್ಪು ಹಾಕುವಾಗ ಕೈ ಹಿಡಿದು ಹಾಕಿ. ಎಣ್ಣೆಯನ್ನು ಮಾತ್ರ ಕಡಿಮೆ ಮಾಡಬೇಡಿ. ಕೊಬ್ಬಿಲ್ಲದ ಪದಾರ್ಥಕ್ಕೆ ಎಣ್ಣೆಯೂ ಇಲ್ಲದಿದ್ದರೆ ಬಾಯಿ ಒಣಗಿಸುತ್ತದೆ, ಮಸಾಲೆ ಎಷ್ಟೇ ಚೆನ್ನಾಗಿರಲಿ.

ನಂತರ ಹುರಿಯುವುದು. ತುಂಡುಗಳನ್ನು ಹಗುರವಾಗಿ ಒತ್ತಿ, ಹೊರಬಂದ ರಸವನ್ನು ಗ್ರೇವಿಗೆ ಎತ್ತಿಡಿ. ಒಂದು ದೊಡ್ಡ ಚಮಚ ಮೆಕ್ಕೆಜೋಳದ ಪಿಷ್ಟ (ಕಾರ್ನ್‌ಫ್ಲೋರ್) ಉದುರಿಸಿ, ಅಗಲ ಬಾಣಲೆಯಲ್ಲಿ ಎರಡು–ಮೂರು ದೊಡ್ಡ ಚಮಚ ಎಣ್ಣೆ ಕಾಯಿಸಿ, ಒಂದೇ ಪದರವಾಗಿ ಹರಡಿ. ಎರಡು ನಿಮಿಷ ಕೈಯಾಡಿಸದೆ ಬಿಟ್ಟರೆ ತಳ ಕೆಂಪಾಗುತ್ತದೆ. ಒಮ್ಮೆಗೇ ಎಲ್ಲ ಸುರಿದರೆ ನೀರು ಬಿಟ್ಟುಕೊಂಡು ಹಬೆಯಲ್ಲಿ ಬೇಯುತ್ತವೆ, ಕೆಂಪಾಗುವುದೇ ಇಲ್ಲ. ಹುರಿದದ್ದನ್ನು ಗ್ರೇವಿಗೆ ಕೊನೆಯ ಹತ್ತು ನಿಮಿಷದಲ್ಲಿ ಸೇರಿಸಿದರೆ ಸಾಕು. ಮಾಂಸ ಬೆಂದಷ್ಟೂ ಮೆತ್ತಗಾಗುತ್ತದೆ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಕುಕ್ಕರ್‌ನಲ್ಲಿ ನಾಲ್ಕು ವಿಷಲ್ ಕೂಗಿಸಿದರೆ ನೆನೆದ ಬ್ರೆಡ್ ಆಗುತ್ತದೆ. ಗ್ರೇವಿ ತಾನಾಗಿ ಮಂದವಾಗುವುದಿಲ್ಲವಾದ್ದರಿಂದ ಈರುಳ್ಳಿ ಹೆಚ್ಚು ಹುರಿಯಿರಿ, ಇಲ್ಲವೇ ಗೋಡಂಬಿ ರುಬ್ಬಿ ಹಾಕಿ. ಬಡಿಸುವ ಹೊತ್ತಿಗೆ ಚಂಕ್ಸ್ ಇನ್ನಷ್ಟು ರಸ ಕುಡಿದಿರುತ್ತದೆ, ಹಾಗಾಗಿ ಅರ್ಧ ಕಪ್ ಗ್ರೇವಿ ಹೆಚ್ಚೇ ಇರಲಿ.

ಮೂರು ಗಾತ್ರಗಳಲ್ಲಿ ಪೂರ್ಣ ಅಂಕ ಪಡೆಯುವುದು ಸಣ್ಣ ಗ್ರ್ಯಾನ್ಯೂಲ್ಸ್. ಖೀಮಾದ ಜಾಗಕ್ಕೆ ಇದನ್ನು ಧೈರ್ಯವಾಗಿ ಶಿಫಾರಸು ಮಾಡಬಹುದು. ಒಂದು ಕಪ್‌ಗೆ ಮುಕ್ಕಾಲಿನಿಂದ ಒಂದು ಕಪ್ ಕುದಿಯುವ ಸ್ಟಾಕ್, ಹತ್ತು ನಿಮಿಷ. ಸಣ್ಣ ಚೂರು ಒಂದೇ ಸಮ ನೆನೆಯುತ್ತದೆ. ಹಸಿ ವಾಸನೆ ಒಗ್ಗದವರು ಮೊದಲು ಬಿಸಿ ನೀರಿನಲ್ಲಿ ಒಮ್ಮೆ ಅದ್ದಿ, ಬಟ್ಟೆಯಲ್ಲಿ ಹಿಂಡಿ, ಸ್ಟಾಕ್ ಕಡಿಮೆ ಮಾಡಿಕೊಳ್ಳಲಿ. ಕಟ್ಲೆಟ್ ಮಾಡುವಾಗ ಮಾತ್ರ ಎಚ್ಚರ. ಮಾಂಸದ ಪ್ರೋಟೀನಿನಂತೆ ಇದು ತಾನೇ ಕಚ್ಚಿಕೊಳ್ಳುವುದಿಲ್ಲ, ಬಾಣಲೆಯಲ್ಲಿ ಬಿರಿದು ಹೋಗುತ್ತದೆ. 100 ಗ್ರಾಂ ಒಣ ಗ್ರ್ಯಾನ್ಯೂಲ್ಸ್‌ಗೆ 200 ಗ್ರಾಂ ಬೇಯಿಸಿದ ಆಲೂಗಡ್ಡೆ, ಎರಡು ದೊಡ್ಡ ಚಮಚ ಮೆಕ್ಕೆಜೋಳದ ಪಿಷ್ಟ ಸೇರಿಸಿ, ತಟ್ಟಿ, ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟು ಹುರಿಯಿರಿ.

ಮಧ್ಯಮ ಚಂಕ್ಸ್ ಮೇಲಿನಂತೆ ಮಾಡಿದರೆ ಚೆನ್ನ. ಅಂಗೈ ಅಗಲದ ದೊಡ್ಡ ತುಂಡುಗಳು ನಿರಾಸೆ: ಹೊರಗೆ ಮೆತ್ತಗಾಗುವ ಹೊತ್ತಿಗೂ ಒಳಗೆ ಬಿರುಸು, ಮಸಾಲೆ ನಡುವಿನವರೆಗೆ ಇಳಿಯುವುದಿಲ್ಲ. ಈಗಾಗಲೇ ಕೊಂಡಿದ್ದರೆ ಅರ್ಧ ಗಂಟೆ ನೆನೆಸಿ, ಎಳೆ ಹೋದ ದಿಕ್ಕಿಗೆ ಕೈಯಲ್ಲೇ ಸೀಳಿ, ಬಿಡಿಸಿದ ಕೋಳಿಮಾಂಸದಂತೆ ಬಳಸಿ.

ಎಳೆಯ ಹಂಗಿಲ್ಲದ ಅಡುಗೆಗೆ ತೋಫು ಸುಲಭ. ಗಟ್ಟಿ ತೋಫುವನ್ನು ಒಮ್ಮೆ ಫ್ರೀಜರ್‌ನಲ್ಲಿ ಕಲ್ಲಾಗಿಸಿ ಕರಗಿಸಿ ಹಿಂಡಿದರೆ ಅದೂ ಸ್ಪಂಜಿನಂತಾಗಿ ಮಸಾಲೆ ಹೀರುತ್ತದೆ. ಸೋಯಾ ಅಲರ್ಜಿ ಇರುವವರಿಗೆ ಇವೆರಡೂ ಸಲ್ಲ. ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರು, ಮಾತ್ರೆಗೂ ಸೋಯಾ ಊಟಕ್ಕೂ ಎಷ್ಟು ಅಂತರ ಬೇಕೆಂದು ವೈದ್ಯರನ್ನು ಕೇಳಿಕೊಳ್ಳಲಿ. ಮಾತ್ರೆ ಮೈಗೆ ಹತ್ತುವುದನ್ನು ಸೋಯಾ ಕಡಿಮೆ ಮಾಡಬಲ್ಲದು.

ಒಣ ಚಂಕ್ಸ್ ಗಾಳಿಯಾಡದ ಡಬ್ಬದಲ್ಲಿ ತಿಂಗಳುಗಟ್ಟಲೆ ಇರುತ್ತದೆ. ನೆನೆಸಿದ್ದನ್ನು ಹೊರಗೆ ಬಿಡಬೇಡಿ, ಬೇಗ ಹುಳಿ ಬರುತ್ತದೆ. ಹಿಂಡಿ ಫ್ರಿಜ್‌ನಲ್ಲಿಟ್ಟು ಎರಡು ದಿನದೊಳಗೆ ಬಳಸಿ, ಅಥವಾ ಮಸಾಲೆ ಕುಡಿಸಿದ ಮೇಲೆ ಫ್ರೀಜರ್‌ಗೆ ಹಾಕಿ. ಹಾಗಿಟ್ಟದ್ದು ಕರಗಿದ ಮೇಲೂ ಎಳೆ ಬಿಡುವುದಿಲ್ಲ.